ಕೊಟ್ಟಣ, ಕಸಬರಿಗೆ, ಕಾಯಕ: ಶರಣೆಯರ ವಚನಗಳಲ್ಲಿ ಮನೆಗೆಲಸದ ವಿಚಾರ

ಕಾಯಕತತ್ತ್ವವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ವಿಪುಲವಾಗಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಮೊದಲಾದವರ ಹೆಸರುಗಳು ಈ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು ಇವೆಲ್ಲ ಊರಿನ ಕಣ್ಣಿಗೆ ಬೀಳುವ ಕೆಲಸಗಳು; ಒಂದೊಂದಕ್ಕೂ ಕಸುಬಿನ ಹೆಸರುಂಟು, ಕಸುಬುಗಾರನೆಂಬ ಗುರುತುಂಟು. ಇವುಗಳ ಜೊತೆಯಲ್ಲಿಯೇ ಹೊಸ್ತಿಲ ಒಳಗೆ, ಅಂಗಳದ ಮೇರೆಯಲ್ಲಿ ನಡೆಯುವ ಇನ್ನೊಂದು ಬಗೆಯ ದುಡಿಮೆಯೂ ಶರಣಸಮೂಹದಲ್ಲಿ ಕಾಯಕವೆನಿಸಿತ್ತು. ಭತ್ತ ಕುಟ್ಟುವುದು, ಅಂಗಳ ಗುಡಿಸುವುದು, ನೂಲು ತೆಗೆಯುವುದು, ಅಕ್ಕಿ ಆಯ್ದು ಅಟ್ಟು ಬಡಿಸುವುದು ಇಂಥವು. ಇವನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ಆ ಶರಣೆಯರನ್ನು ನಾವು ಭಕ್ತಿಯ ದೃಷ್ಟಿಯಿಂದ ಕೊಂಡಾಡಿದ್ದೇವೆ. ದುಡಿಮೆಯ ದೃಷ್ಟಿಯಿಂದ ಓದಿದ್ದು ಕಡಿಮೆ. ಪರರ ಮನೆಯ ಕೆಲಸವನ್ನು ಕೂಲಿಗಾಗಿ ಮಾಡುವ ಹೆಣ್ಣಿನ ಸ್ಥಿತಿಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ವಚನಗಳನ್ನು ಓದಿದರೆ ಏನು ಕಾಣುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಬೇಕಾದ ಸಾಮಗ್ರಿ ಈಗ ಸುಲಭಲಭ್ಯವಾಗಿದೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಾಗ ತಾಳೆಗರಿಯಲ್ಲಿ ಹುದುಗಿದ್ದ ಎಷ್ಟೋ ಹೆಸರುಗಳು ಮೊದಲ ಬಾರಿಗೆ ಸಾಮಾನ್ಯ ಓದುಗರ ಕೈಗೆ ಬಂದವು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಹೊರತಂದ ಹದಿನೈದು ಸಮಗ್ರ ವಚನ ಸಂಪುಟಗಳ ಪೈಕಿ ಐದನೆಯದು ಶಿವಶರಣೆಯರ ವಚನಗಳಿಗೇ ಮೀಸಲಾಗಿದ್ದು, ವೀರಣ್ಣ ರಾಜೂರರು ಅದನ್ನು ಸಂಪಾದಿಸಿದ್ದಾರೆ. ಅರಮನೆಯ ಸಂಗವನ್ನು ತೊರೆದ ಅಕ್ಕಮಹಾದೇವಿಯ ಮಾತೂ, ಒನಕೆ ಹಿಡಿದು ಬದುಕಿದ ಸೋಮಮ್ಮನ ಮಾತೂ ಒಂದೇ ಹೊದಿಕೆಯೊಳಗೆ ಕೂಡಿ ಬಂದಿರುವುದು ಸಣ್ಣ ಸಂಗತಿಯಲ್ಲ.

೧. ತೊತ್ತು: ರೂಪಕವೂ ವಾಸ್ತವವೂ

ಮನೆಗೆಲಸದವಳಿಗೆ ಹಳೆಯ ಕನ್ನಡದಲ್ಲಿರುವ ಹೆಸರು ತೊತ್ತು. ಈ ಶಬ್ದದಲ್ಲಿ ಕೆಲಸದ ಸೂಚನೆಗಿಂತ ಕೀಳುತನದ ಸೂಚನೆಯೇ ಹೆಚ್ಚು. ತೊತ್ತಿನ ಮಗನೆಂಬುದು ನಮ್ಮ ಆಡುಮಾತಿನಲ್ಲಿ ಇಂದಿಗೂ ಬೈಗುಳವೇ ಆಗಿದೆ. ಇಂಥ ಶಬ್ದವನ್ನು ಭಕ್ತನು ತನಗೆ ತಾನೇ ಹಚ್ಚಿಕೊಳ್ಳುವುದು ಭಕ್ತಿಸಾಹಿತ್ಯದಲ್ಲೆಲ್ಲ ಕಂಡುಬರುವ ರೀತಿ. ಒಡೆಯನೆದುರು ಆಳಾಗುವುದು, ಬಂಟನಾಗುವುದು, ತೊತ್ತಾಗುವುದು ವಿನಯದ ಪರಾಕಾಷ್ಠೆಯೆನಿಸುತ್ತದೆ. ಆದರೆ ವಿಮರ್ಶಕನು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗಲಾಗದು. ತೊತ್ತಾಗುವೆನೆಂದು ಹೇಳಲು ಆಯ್ಕೆಯಿದ್ದವನಿಗೂ ಹುಟ್ಟಿನಿಂದಲೇ ತೊತ್ತಾದವಳಿಗೂ ಇರುವ ಅಂತರವನ್ನು ಈ ರೂಪಕ ಮರೆಸುವುದೋ, ತೋರಿಸುವುದೋ?

ಬಸವಣ್ಣನವರ ಒಂದು ಪ್ರಸಿದ್ಧ ವಚನವು ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುತ್ತದೆ. ಅದರಲ್ಲಿ ಅವರು ತಮ್ಮ ಹುಟ್ಟನ್ನು ಹೊಸದಾಗಿ ಬರೆದುಕೊಳ್ಳುತ್ತಾರೆ. ತಂದೆ ಮಾದಾರ ಚೆನ್ನಯ್ಯನ ಮನೆಯ ದಾಸನ ಮಗ, ತಾಯಿ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳು. ಸಗಣಿ ಹೆಕ್ಕಲು ಹೊಲಕ್ಕೆ ಹೋದ ಆ ಇಬ್ಬರ ಕೂಟದಲ್ಲಿ ತಾವು ಹುಟ್ಟಿದುದಾಗಿ ಹೇಳುತ್ತಾರೆ. ವಿನಯವನ್ನಷ್ಟೇ ತೋರಿಸುವುದಾಗಿದ್ದರೆ ಒಡೆಯನ ಮನೆಯ ಆಳು ಎಂದಿದ್ದರೆ ಸಾಕಾಗಿತ್ತು. ಇಲ್ಲಿರುವ ವಿವರಗಳು ಅದಕ್ಕಿಂತ ಮುಂದೆ ಹೋಗುತ್ತವೆ. ಮೊದಲನೆಯದಾಗಿ, ಆ ದಾಸದಾಸಿಯರು ದುಡಿಯುವುದು ಅರಸನ ಮನೆಯಲ್ಲಲ್ಲ, ಅಸ್ಪೃಶ್ಯರೆನಿಸಿದವರ ಮನೆಯಲ್ಲಿ. ಎರಡನೆಯದಾಗಿ, ಅವರನ್ನು ನಾವು ಕಾಣುವುದು ಕೈಕಟ್ಟಿ ನಿಂತ ಭಂಗಿಯಲ್ಲಲ್ಲ, ಸಗಣಿ ಹೆಕ್ಕುವ ಕೆಲಸದ ನಡುವೆ. ಒಲೆಗೆ ಬೆರಣಿ ಬೇಕು. ಬೆರಣಿಗೆ ಯಾರಾದರೂ ಬಾಗಿ ಸಗಣಿ ಎತ್ತಬೇಕು. ಮೂರನೆಯದಾಗಿ, ವಚನಕಾರರು ಆ ಆಳುಗಳಂತೆ ಇರುವೆನೆಂದು ಹೇಳದೆ ಅವರ ಮಗನೆಂದು ಹೇಳಿಕೊಳ್ಳುತ್ತಾರೆ. ಹೋಲಿಕೆಯನ್ನು ಯಾವಾಗ ಬೇಕಾದರೂ ಬಿಡಬಹುದು, ರಕ್ತಸಂಬಂಧವನ್ನು ಬಿಡಲಾಗದು. ಕಲ್ಯಾಣದಲ್ಲಿ ಭಂಡಾರಿಯ ಪದವಿಯಲ್ಲಿದ್ದವರು ಮನೆಯಾಳುಗಳನ್ನು ತಂದೆತಾಯಿಗಳೆಂದು ಒಪ್ಪಿಕೊಂಡ ಮೇಲೆ ತೊತ್ತಿನ ಮಗನೆಂಬ ಬೈಗುಳ ಬೈಗುಳವಾಗಿ ಉಳಿಯುವುದಿಲ್ಲ. ಈ ವಚನದಲ್ಲಿ ರೂಪಕವು ತನ್ನ ಮೇರೆಯನ್ನು ದಾಟಿ ಸಾಮಾಜಿಕ ಘೋಷಣೆಯಾಗಿದೆ.

ಆದರೂ ಇಲ್ಲಿ ಮಾತಾಡುತ್ತಿರುವವರು ಬಸವಣ್ಣನವರು, ಆ ದಾಸಿಯಲ್ಲ. ಆಕೆಯೇ ಬಾಯಿ ತೆರೆದಾಗ ಏನು ಹೇಳಿದಳೆಂಬುದನ್ನು ತಿಳಿಯಲು ಶರಣೆಯರ ವಚನಗಳ ಕಡೆಗೆ ತಿರುಗಬೇಕು.

೨. ಕೊಟ್ಟಣದ ಸೋಮಮ್ಮ: ಕೆಲಸದ ಹದ

ಕೊಟ್ಟಣವೆಂದರೆ ಭತ್ತ ಕುಟ್ಟಿ ಅಕ್ಕಿ ಮಾಡುವ ಕೆಲಸ. ಗಿರಣಿಗಳು ಬರುವ ಮೊದಲು ಅನ್ನ ಉಣ್ಣುವ ಪ್ರತಿಯೊಂದು ಮನೆಯ ಹಿಂದೆಯೂ ಈ ದುಡಿಮೆ ಇತ್ತು. ಅನುಕೂಲವಿದ್ದ ಮನೆಯವರು ಅದನ್ನು ಕೂಲಿಯ ಹೆಂಗಸರಿಂದ ಮಾಡಿಸುತ್ತಿದ್ದರು. ಕೂಲಿಯನ್ನು ಅಕ್ಕಿ, ನುಚ್ಚು, ತೌಡುಗಳ ರೂಪದಲ್ಲಿ ಅಳೆದು ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಒರಳಿನ ಮುಂದೆ ನಿಂತು ಒನಕೆಯನ್ನು ಎತ್ತಿ ಹಾಕುತ್ತ, ಕೈ ಸೋತಾಗ ಕೈ ಬದಲಿಸುತ್ತ, ಹೊಟ್ಟನ್ನು ಕೇರಿ ಬೇರ್ಪಡಿಸಿ, ಮತ್ತೆ ತಳಿಸಿ ತೌಡನ್ನು ತೆಗೆಯುವ ಈ ಕೆಲಸವು ದೇಹಶ್ರಮದಲ್ಲಿ ಹೊಲದ ಯಾವ ಕೆಲಸಕ್ಕೂ ಕಡಿಮೆಯಾದುದಲ್ಲ.

ಹನ್ನೆರಡನೆಯ ಶತಮಾನದ ಸೋಮಮ್ಮ ಈ ಕೆಲಸವನ್ನೇ ಕಾಯಕವಾಗಿ ಕೈಕೊಂಡವಳು. ಆಕೆಯ ಹೆಸರಿನೊಡನೆ ಊರಿಲ್ಲ, ಗಂಡನ ಹೆಸರಿಲ್ಲ. ಕೆಲಸದ ಹೆಸರು ಮಾತ್ರ ಇದೆ. ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಆಕೆಯ ಒಂದೇ ಒಂದು ವಚನ ನಮಗೆ ಉಳಿದು ಬಂದಿದೆ. ಹದ ತಪ್ಪಿ ಕುಟ್ಟಿದರೆ ಕೈಗೆ ಸಿಗುವುದು ನುಚ್ಚೇ ಹೊರತು ಅಕ್ಕಿಯಲ್ಲವೆಂದು ಆಕೆ ತೊಡಗುತ್ತಾಳೆ. ವ್ರತವಿಲ್ಲದವನ ಸಂಗವೂ ಅಂಥದೇ. ಅದರಿಂದ ದೊರೆಯುವುದು ನರಕ, ಮುಕ್ತಿಯಲ್ಲ. ತಿಳಿಯದೆ ಆದುದು ಹೋಗಲಿ, ತಿಳಿದೂ ತಿಳಿದೂ ಬೆರೆತರೆ ಕಠಿನ ಶಿಕ್ಷೆಯೇ ಗತಿಯೆಂದು ಹೇಳಿ, ತಾನು ಅದನ್ನು ಒಲ್ಲೆನೆಂದು ದೇವರ ಮೇಲೆ ಆಣೆಯಿಟ್ಟು ಮುಗಿಸುತ್ತಾಳೆ.

ಈ ವಚನವನ್ನು ವ್ರತಾಚಾರದ ಉಪದೇಶವೆಂದಷ್ಟೇ ಓದುವುದು ವಾಡಿಕೆ. ಆ ಓದು ತಪ್ಪಲ್ಲ; ಆದರೆ ಅದು ಅರ್ಧ ಓದು. ಉಪಮೆಯನ್ನು ಆರಿಸಿಕೊಂಡವಳು ಯಾರೆಂಬುದನ್ನು ಗಮನಿಸಬೇಕು. ಹದವೆಂಬ ಮಾತು ಪುಸ್ತಕದಿಂದ ಬಂದುದಲ್ಲ, ಅಂಗೈಯಿಂದ ಬಂದುದು. ಭತ್ತ ಎಷ್ಟು ಒಣಗಿರಬೇಕು, ಒನಕೆಯ ಪೆಟ್ಟು ಎಷ್ಟು ಭಾರವಾಗಿ ಬೀಳಬೇಕು, ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು ಎಂಬುದನ್ನು ಕೆಲಸ ಬಲ್ಲವಳೊಬ್ಬಳೇ ಅರಿಯಬಲ್ಲಳು. ಪೆಟ್ಟು ಮೀರಿದರೆ ಕಾಳು ಒಡೆಯುತ್ತದೆ, ಕಡಿಮೆಯಾದರೆ ಹೊಟ್ಟು ಬಿಡುವುದಿಲ್ಲ. ಒಳಿತು ಕೆಡುಕುಗಳನ್ನು ತೂಗಿನೋಡಲು ಸೋಮಮ್ಮನಿಗೆ ಬೇಕಾದ ಅಳತೆಗೋಲು ಶಾಸ್ತ್ರದಲ್ಲಿ ಸಿಗಲಿಲ್ಲ. ತನ್ನ ಕೆಲಸದಲ್ಲಿಯೇ ಸಿಕ್ಕಿತು. ಮನೆಗೆಲಸವು ಯಾರು ಬೇಕಾದರೂ ಮಾಡಬಹುದಾದ, ಕುಶಲತೆ ಬೇಡದ ಕೆಲಸವೆಂಬ ನಂಬಿಕೆಯ ಮೇಲೆಯೇ ಅದರ ಕೂಲಿಯನ್ನು ತೀರ ಕೆಳಗೆ ನಿಲ್ಲಿಸಲಾಗಿದೆ. ಆ ನಂಬಿಕೆಯನ್ನು ಹನ್ನೆರಡನೆಯ ಶತಮಾನದ ಈ ಕೆಲಸದವಳು ಒಂದೇ ಶಬ್ದದಿಂದ ಅಲ್ಲಗಳೆದಿದ್ದಾಳೆ.

ಇನ್ನೊಂದು ಅಂಶವೂ ಗಮನಾರ್ಹ. ಪರರ ಮನೆಯಲ್ಲಿ ದುಡಿಯುವವಳಿಗೆ ಇಲ್ಲದಿರುವುದು ಒಲ್ಲೆನೆನ್ನುವ ಅಧಿಕಾರ. ಕರೆದ ಹೊತ್ತಿಗೆ ಹೋಗಬೇಕು, ಹೇಳಿದ್ದನ್ನು ಮಾಡಬೇಕು, ಮನೆಯವರು ಎಂಥವರಾದರೂ ಬಾಯಿಮುಚ್ಚಿಕೊಂಡಿರಬೇಕು. ಸೋಮಮ್ಮನ ವಚನ ನಿಲ್ಲುವುದು ನಿರಾಕರಣೆಯ ಮೇಲೆ. ಯಾರ ಸಂಗ ಬೇಕು, ಯಾರ ಸಂಗ ಬೇಡವೆಂಬುದನ್ನು ನಿರ್ಣಯಿಸುವವಳು ತಾನೇ ಎಂದು ಆಕೆ ಸಾರುತ್ತಾಳೆ. ಕೂಲಿಯವಳಿಗೂ ವ್ರತವುಂಟು, ಆ ವ್ರತವನ್ನು ಕೂಲಿ ಕೊಡುವವನು ಮುರಿಯಲಾರನೆಂಬುದು ಈ ಮಾತಿನ ಒಳಗಿರುವ ಧ್ವನಿ.

೩. ಸತ್ಯಕ್ಕ: ಸಂಶಯಕ್ಕೆ ಪ್ರತಿಯಾಗಿ ಭಾಷೆ

ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳೆಂದು ಹೇಳಲಾಗುವ ಸತ್ಯಕ್ಕ ಶಿವಭಕ್ತರ ಮನೆಯಂಗಳ ಗುಡಿಸುವ ಕಾಯಕದವಳೆಂಬುದು ಪರಂಪರೆಯಿಂದ ಬಂದ ತಿಳಿವು. ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ಆಕೆಯ ೨೭ ವಚನಗಳು ದೊರೆತಿವೆ. ಅವುಗಳಲ್ಲಿ ಒಂದು ಪ್ರತಿಜ್ಞೆಯ ರೂಪದಲ್ಲಿದೆ. ಲಂಚಕ್ಕಾಗಲಿ ವಂಚನೆಗಾಗಲಿ ಕೈಯೊಡ್ಡುವುದಿಲ್ಲ. ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೆ ಮುಟ್ಟಿ ಎತ್ತುವುದಿಲ್ಲ. ದೇವರು ಇಕ್ಕಿದ ಭಿಕ್ಷೆಯಲ್ಲಿ ತಾನು ಇರುವುದರಿಂದ ಇದು ತನ್ನ ಭಾಷೆ. ಮನಸ್ಸು ಚಂಚಲವಾದರೆ ತನ್ನನ್ನು ನರಕದಲ್ಲಿ ಅದ್ದಿ ನೀನು ಎದ್ದು ಹೋಗೆಂದು ದೇವರಿಗೇ ಹೇಳುತ್ತಾಳೆ. ಮೂಲದಲ್ಲಿ ದಾರಿಗೆ ಬಟ್ಟೆಯೆಂಬ ಹಳೆಯ ಶಬ್ದವಿದ್ದು, ಇಂದಿನ ವಿದ್ಯಾರ್ಥಿಗಳು ಅದನ್ನು ಉಡುವ ಬಟ್ಟೆಯೆಂದು ತಿಳಿದು ಎಡವುವುದುಂಟು.

ಈ ವಚನದಲ್ಲಿ ಕಸಬರಿಗೆಯ ಮಾತಿಲ್ಲ. ಆದರೆ ದಾರಿಯಲ್ಲಿ, ಅಂಗಳದಲ್ಲಿ ಬಿದ್ದುಹೋದ ವಸ್ತು ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ಎಲ್ಲರಿಗಿಂತ ಮೊದಲು ಎದ್ದು ನೆಲವನ್ನು ನೋಡುತ್ತ ಬಾಗಿ ನಡೆಯುವವಳ ಕಣ್ಣಿಗೆ. ಗುಡಿಸುವವಳ ಎದುರಿಗೆ ದಿನವೂ ಬರುವ ಪ್ರಲೋಭನೆ ಇದೇ, ಗುಡಿಸುವವಳ ಮೇಲೆ ದಿನವೂ ಬೀಳುವ ಸಂಶಯವೂ ಇದೇ. ಮನೆಯಲ್ಲಿ ಒಂದು ಓಲೆ ಕಾಣೆಯಾದರೆ ಮೊದಲು ನೆನಪಾಗುವವಳು ಕೆಲಸದಾಕೆ. ಓಲೆಯು ಮಂಚದ ಸಂದಿಯಲ್ಲಿ ಸಿಕ್ಕಿದ ಮೇಲೆ ಆಕೆಯ ಕ್ಷಮೆ ಕೇಳುವವರು ವಿರಳ.

ಸತ್ಯಕ್ಕನ ಪ್ರತಿಜ್ಞೆಯ ಹಿರಿಮೆ ಆಕೆ ಪ್ರಾಮಾಣಿಕಳಾಗಿದ್ದಳೆಂಬುದರಲ್ಲಿ ಮಾತ್ರ ಇಲ್ಲ. ಪ್ರಾಮಾಣಿಕರಾದ ಕೆಲಸದವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆ ಪ್ರಾಮಾಣಿಕತೆಯನ್ನು ಆಕೆ ಯಾರ ಮುಂದೆ ನಿವೇದಿಸುತ್ತಾಳೆಂಬುದು ಮುಖ್ಯ. ಮನೆಯೊಡತಿಯ ಮುಂದೆ ನಿಂತು ಸೆರಗು ಕೊಡವಿ ತೋರಿಸುವ ದೀನತೆ ಇಲ್ಲಿಲ್ಲ. ತನ್ನ ಅನ್ನ ದೇವರಿಕ್ಕಿದ್ದು, ಮನೆಯವರು ಇಕ್ಕಿದ್ದಲ್ಲವೆಂಬ ಒಂದು ಮಾತಿನಿಂದ ಆಕೆ ಒಡೆತನದ ಸರಪಳಿಯನ್ನು ಕಳಚುತ್ತಾಳೆ. ಭಾಷೆ ತಪ್ಪಿದರೆ ಶಿಕ್ಷಿಸುವ ಅಧಿಕಾರವನ್ನೂ ದೇವರಿಗಷ್ಟೇ ಕೊಡುತ್ತಾಳೆ. ಕಾವಲು, ಶೋಧನೆ, ಬೆದರಿಕೆಗಳಿಂದ ಹುಟ್ಟಿಸಬೇಕಾದ ನಿಷ್ಠೆಯು ಇಲ್ಲಿ ಸ್ವಾಭಿಮಾನದಿಂದ ತಾನಾಗಿ ಹುಟ್ಟಿದೆ. ಹೆಣ್ಣು ಗಂಡೆಂಬ ಭೇದವನ್ನು ದೇಹದ ಗುರುತುಗಳಿಂದ ಅಳೆಯಲಾಗದೆಂದು ಬೇರೊಂದು ವಚನದಲ್ಲಿ ತರ್ಕಿಸಿದವಳೂ ಈ ಸತ್ಯಕ್ಕನೇ. ಅಂಗಳ ಗುಡಿಸುವವಳಿಗೆ ತರ್ಕವೆಲ್ಲಿಂದ ಬಂತೆಂದು ಕೇಳುವವರಿಗೆ ಅನುಭವಮಂಟಪದ ಪರಂಪರೆಯೇ ಉತ್ತರ.

೪. ಲಕ್ಕಮ್ಮ ಮತ್ತು ಅಳತೆಯ ಪ್ರಶ್ನೆ

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟು ನಮಗೇಕೆ, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸುತ್ತಾಳೆ. ಆಸೆಯು ಅರಸರಿಗೆ ಸಲ್ಲುವುದೇ ಹೊರತು ಶಿವಭಕ್ತರಿಗಲ್ಲವೆಂಬುದು ಆಕೆಯ ನಿಲುವು. ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂಬ ಅಂಕಿತದ ಆಕೆಯ ೨೫ ವಚನಗಳಲ್ಲಿ ಈ ನಿಲುವಿನ ವಿಸ್ತಾರವನ್ನು ಕಾಣಬಹುದು.

ಸಂಗ್ರಹಬುದ್ಧಿಯನ್ನು ಖಂಡಿಸುವ ಈ ಪ್ರಸಂಗವನ್ನು ಮನೆಗೆಲಸದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಎಷ್ಟು ಅಕ್ಕಿ ಬೇಕೆಂಬುದನ್ನು ಬಲ್ಲವಳು ಅಡುಗೆ ಮಾಡುವವಳು. ಆಯ್ದು ತಂದವನಿಗಿಂತ ಅಟ್ಟು ಬಡಿಸುವವಳಿಗೆ ಅಳತೆಯ ಅರಿವು ಹೆಚ್ಚು. ಆ ಅರಿವಿನ ಬಲದಿಂದ ಆಕೆ ಗಂಡನಿಗೆ ಗುರುವಾಗುತ್ತಾಳೆ. ಅಡುಗೆಮನೆಯನ್ನು ಅಧ್ಯಾತ್ಮದ ಹೊರಗಿನ ಜಾಗವೆಂದು ತಿಳಿದವರಿಗೆ ಈ ಪ್ರಸಂಗವು ತಿದ್ದುಪಡಿಯಾಗಿದೆ.

ಆದರೆ ಇಲ್ಲಿಯೇ ಒಂದು ತೊಡಕೂ ಇದೆ. ಅದನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. ಸೋಮಮ್ಮ, ಸತ್ಯಕ್ಕ, ಲಕ್ಕಮ್ಮ ಮೂವರೂ ಬಂಧಿಸಿಕೊಳ್ಳುವುದು ತಮ್ಮನ್ನು ತಾವೇ. ಹೆಚ್ಚು ತೆಗೆದುಕೊಳ್ಳೆನು, ಬಿದ್ದುದನ್ನು ಎತ್ತೆನು, ಸಲ್ಲದವರನ್ನು ಕೂಡೆನು ಎಂದು ದುಡಿಯುವವಳು ಆಣೆಯಿಡುತ್ತಾಳೆ. ಕಡಿಮೆ ಕೊಡೆನು, ತಂಗಳನ್ನು ನೀಡೆನು, ಹೊತ್ತು ಮೀರಿ ದುಡಿಸೆನು ಎಂದು ಕೆಲಸ ಮಾಡಿಸಿಕೊಳ್ಳುವವನು ಇಡಬೇಕಾದ ಆಣೆ ಎಲ್ಲಿದೆ? ಈ ವಚನಗಳಲ್ಲಿ ಅದು ಪ್ರತ್ಯೇಕವಾಗಿ ಕಾಣಿಸುವುದಿಲ್ಲ.

ಕಾರಣವನ್ನು ಹುಡುಕಿದರೆ ದೊರೆಯದೆ ಇರುವುದಿಲ್ಲ. ಶರಣಸಮೂಹದಲ್ಲಿ ಕೆಲಸ ಮಾಡಿಸಿಕೊಳ್ಳುವವನೂ ಕಾಯಕಜೀವಿಯೇ ಆಗಿರಬೇಕೆಂಬುದು ನಿಯಮ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದಿಂದ ಹೊರತಲ್ಲವೆಂಬ ಮಾತು ಅಲ್ಲಿ ನಡೆದಿತ್ತು. ಶೂನ್ಯಸಂಪಾದನೆಯ ನುಲಿಯ ಚಂದಯ್ಯನ ಪ್ರಸಂಗದಲ್ಲಿ ಕೈಜಾರಿ ಬಿದ್ದ ಲಿಂಗವೇ ಕಾಯಕಕ್ಕೆ ಹೊಣೆಯಾಗಬೇಕಾಗುತ್ತದೆ. ಇಂಥ ಸಮೂಹದಲ್ಲಿ ಎರಡೂ ಕಡೆಯವರು ಒಂದೇ ವ್ರತಕ್ಕೆ ಕಟ್ಟುಬಿದ್ದಿರುವುದರಿಂದ ಒಂದು ಕಡೆಯ ಆಣೆಯೊಳಗೆ ಇನ್ನೊಂದು ಕಡೆಯ ಆಣೆ ಅಡಗಿರುತ್ತದೆ. ಹೆಚ್ಚು ಬೇಡವೆನ್ನುವ ಲಕ್ಕಮ್ಮನ ಅಳತೆಯು ಕಡಿಮೆಯೂ ಸಲ್ಲದೆಂಬ ಅಳತೆಯೇ ಆಗಿರುತ್ತದೆ. ಅಳತೆಗೆ ಎರಡು ಅಂಚುಗಳಿರಲೇಬೇಕಲ್ಲವೆ?

ಆ ಸಮಾನತೆಯ ಹಿನ್ನೆಲೆಯನ್ನು ಕಿತ್ತುಹಾಕಿ ಆಣೆಯನ್ನು ಮಾತ್ರ ಉಳಿಸಿಕೊಂಡರೆ ಅನಾಹುತವಾಗುತ್ತದೆ. ದುಡಿಯುವವಳಿಗೆ ನಿಸ್ಪೃಹತೆಯ ಉಪದೇಶ, ದುಡಿಸಿಕೊಳ್ಳುವವನಿಗೆ ಉಳಿತಾಯದ ಲಾಭ ಎಂಬಂತಾಗುತ್ತದೆ. ಸಂಬಳ ಕೇಳಿದ ಕೆಲಸದಾಕೆಗೆ ಕಾಯಕವನ್ನು ಕೈಲಾಸವೆಂದು ತಿಳಿಯಬೇಕೆಂದು ಬುದ್ಧಿ ಹೇಳುವವನು ಶರಣರ ಮಾತನ್ನು ಶರಣರ ವಿರುದ್ಧವೇ ಬಳಸಿದಂತೆ. ಕೂಲಿಯಿಲ್ಲದ ದುಡಿಮೆ ಜೀತವೇ ಹೊರತು ಕಾಯಕವಲ್ಲ. ಕಾಯಕದ ಗಳಿಕೆಯಿಂದ ದಾಸೋಹ ನಡೆಯಬೇಕು. ಗಳಿಕೆಯೇ ಇಲ್ಲದವಳು ದಾಸೋಹವನ್ನು ಎಲ್ಲಿಂದ ಮಾಡಿಯಾಳು?

೫. ಇಂದಿನ ಒಂದು ಸಾಕ್ಷಿ

ಶರಣೆಯರ ತರುವಾಯ ಮನೆಗೆಲಸದ ಹೆಣ್ಣು ತನ್ನ ಹೆಸರಿನಲ್ಲಿ ಮಾತಾಡಿದ ಪ್ರಸಂಗಗಳು ಭಾರತೀಯ ಸಾಹಿತ್ಯದಲ್ಲಿ ವಿರಳ. ಬೀಸುವಾಗ ಕುಟ್ಟುವಾಗ ಹೆಂಗಸರು ಕಟ್ಟಿದ ಹಾಡುಗಳನ್ನು ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವಾಗಿ ಹೊರತಂದುದು ನಮ್ಮ ಭಾಗ್ಯ. ಆದರೆ ಆ ಹಾಡುಗಳಿಗೆ ಅಂಕಿತವಿಲ್ಲ, ಕಟ್ಟಿದವಳ ಹೆಸರಿಲ್ಲ. ಕಾದಂಬರಿಗಳಲ್ಲಿ ಕೆಲಸದವಳು ಬರುತ್ತಾಳೆ, ಹೆಚ್ಚಾಗಿ ಕಾಫಿಯ ತಟ್ಟೆಯನ್ನು ಇಟ್ಟು ಹೋಗುವುದಕ್ಕೆ.

ಈ ಮೌನವನ್ನು ಮುರಿದ ಕೃತಿ ಬೇಬಿ ಹಾಲ್ದಾರರ ಆತ್ಮಕಥೆ 'ಆಲೋ ಆಂಧಾರಿ'. ೧೯೭೩ರಲ್ಲಿ ಹುಟ್ಟಿದ ಈ ಬಂಗಾಳಿ ಮಹಿಳೆಗೆ ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಯಿತು. ಗಂಡನ ಹಿಂಸೆಯನ್ನು ತಾಳಲಾರದೆ ಮೂವರು ಮಕ್ಕಳೊಡನೆ ರೈಲು ಹತ್ತಿ ದೆಹಲಿಯ ಕಡೆಗೆ ಬಂದ ಆಕೆ ಮನೆಗೆಲಸದಿಂದ ಜೀವನ ನಡೆಸಿದರು. ಗುರುಗಾಂವದಲ್ಲಿ ಕೆಲಸಕ್ಕೆ ಸೇರಿದ ಮನೆ ಪ್ರೇಮಚಂದರ ಮೊಮ್ಮಗನೂ ಮಾನವಶಾಸ್ತ್ರದ ನಿವೃತ್ತ ಅಧ್ಯಾಪಕರೂ ಆದ ಪ್ರಬೋಧ ಕುಮಾರರದು. ಪುಸ್ತಕದ ಕಪಾಟಿನ ಧೂಳೊರೆಸುತ್ತ ಆಕೆ ಬಂಗಾಳಿ ಪುಸ್ತಕಗಳ ಮೇಲೆ ಕಣ್ಣಾಡಿಸುವುದನ್ನು ಕಂಡು ಅವರು ಓದಲು ಪುಸ್ತಕ ಕೊಟ್ಟರು, ಮುಂದೆ ಬರೆಯಲು ನೋಟುಪುಸ್ತಕವನ್ನೂ ಲೇಖನಿಯನ್ನೂ ಕೊಟ್ಟರು. ಕೆಲಸ ಮುಗಿದ ಮೇಲೆ ಬಂಗಾಳಿಯಲ್ಲಿ ಬರೆದ ಪುಟಗಳು ಅವರ ಹಿಂದೀ ಅನುವಾದದಲ್ಲಿ ೨೦೦೨ರಲ್ಲಿ ಮೊದಲು ಪ್ರಕಟವಾದವು. ೨೦೦೬ರಲ್ಲಿ ಊರ್ವಶಿ ಬುಟಾಲಿಯಾ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ಕೃತಿ ಲೋಕಪ್ರಸಿದ್ಧವಾಯಿತು.

ಈ ಆತ್ಮಕಥೆಯ ಗುಣ ಅದರ ಅನಲಂಕೃತ ನಿರೂಪಣೆ. ಮನೆಯಿಂದ ಮನೆಗೆ ಹೋಗಿ ಕೆಲಸ ಕೇಳುವುದು, ಗಂಡನಿಲ್ಲದೆ ಇರುವವಳೆಂದು ನೆರೆಯವರು ಆಡಿಕೊಳ್ಳುವುದು, ತಾನು ಪರರ ಮನೆಯಲ್ಲಿ ದುಡಿಯುತ್ತಿರುವಾಗ ತನ್ನ ಮಕ್ಕಳ ಗತಿಯೇನೆಂಬ ಚಿಂತೆ ಇವೆಲ್ಲ ಗೋಳಾಟವಿಲ್ಲದೆ ಬರುತ್ತವೆ. ಸೋಮಮ್ಮನಿಗೆ ಒನಕೆಯಿಂದ ಮಾತು ಹುಟ್ಟಿದಂತೆ ಹಾಲ್ದಾರರಿಗೆ ಧೂಳೊರೆಸುವ ಬಟ್ಟೆಯಿಂದ ಮಾತು ಹುಟ್ಟಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಇಬ್ಬರ ನಡುವಣ ವ್ಯತ್ಯಾಸವೂ ಬೋಧಪ್ರದ. ಸೋಮಮ್ಮನಿಗೆ ಮಾತಾಡಲು ಒಂದು ಸಮೂಹವೇ ಅವಕಾಶವನ್ನು ಕಲ್ಪಿಸಿತ್ತು. ಅಂಕಿತವು ಆಕೆಯ ಹಕ್ಕಾಗಿತ್ತು. ಹಾಲ್ದಾರರಿಗೆ ಆ ಅವಕಾಶ ಸಿಕ್ಕಿದ್ದು ಒಬ್ಬ ಸಹೃದಯ ಯಜಮಾನನ ಔದಾರ್ಯದಿಂದ. ಅದು ವಂದನೀಯವೇ. ಆದರೆ ಅಂಥ ಯಜಮಾನ ದೊರೆಯದಿದ್ದರೆ? ಪಕ್ಕದ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದವಳಲ್ಲಿ ಇದ್ದಿರಬಹುದಾದ ಕೃತಿ ಆಕೆಯಲ್ಲಿಯೇ ಉಳಿಯಿತು. ಒಬ್ಬರ ದಯೆಯಿಂದ ಒಬ್ಬಳು ಮೇಲೆದ್ದ ಕಥೆಯನ್ನು ಓದಿ ಕಣ್ಣೊರೆಸಿಕೊಳ್ಳುವ ವಾಚಕನು ತನ್ನ ಮನೆಯ ಹಿಂಬಾಗಿಲ ಕಡೆಗೆ ತಿರುಗಿ ನೋಡದಿದ್ದರೆ ಆ ಓದು ನಿಷ್ಫಲ.

೬. ದಯೆಯಿಂದ ನ್ಯಾಯಕ್ಕೆ

ದಯೆಯ ಕ್ಷೇತ್ರದಿಂದ ಹಕ್ಕಿನ ಕ್ಷೇತ್ರಕ್ಕೆ ಮನೆಗೆಲಸವನ್ನು ತರುವ ಯತ್ನಗಳು ನಿಧಾನವಾಗಿಯಾದರೂ ನಡೆದಿವೆ. ೧೯೫೯ರಿಂದಲೂ ಸಂಸತ್ತಿನ ಮುಂದೆ ಈ ವಿಷಯದ ಹಲವು ಮಸೂದೆಗಳು ಬಂದವು, ಯಾವುದೂ ಕಾಯಿದೆಯಾಗಲಿಲ್ಲ. ಕರ್ನಾಟಕವು ೨೦೦೪ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿ ಈ ದಾರಿಯಲ್ಲಿ ಮುಂದಾಗಿ ನಡೆದ ರಾಜ್ಯವೆನಿಸಿತು. ೨೦೦೬ರ ಅಕ್ಟೋಬರಿನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. ೨೦೧೩ರಲ್ಲಿ ಬಂದ ಲೈಂಗಿಕ ಕಿರುಕುಳ ತಡೆ ಕಾಯಿದೆಯು ಮನೆಯನ್ನೂ ಕೆಲಸದ ಸ್ಥಳವೆಂದು ಗಣಿಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೨೦೧೧ರ ಜೂನ್ ೧೬ರಂದು ಮನೆಗೆಲಸದವರ ಹಕ್ಕುಗಳನ್ನು ಕುರಿತ ೧೮೯ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು ಅದರ ಪರವಾಗಿ ಮತ ನೀಡಿದರೂ ಅದನ್ನು ಅನುಮೋದಿಸಿಲ್ಲ. ೨೦೨೫ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮನೆಗೆಲಸದವರ ರಕ್ಷಣೆಗೆ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿಯನ್ನು ರಚಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಿತು.

ಇಷ್ಟೆಲ್ಲ ಆದರೂ ಕೂಲಿ ಮೇಲೇರದೆ ಇರುವುದಕ್ಕೆ ಮೂಲಕಾರಣ ಕಾಯಿದೆಯ ಕೊರತೆಯೊಂದೇ ಅಲ್ಲ. ಮನೆಯ ಹೆಂಗಸು ಮಾಡುವ ಕೆಲಸಕ್ಕೆ ನಾವು ಬೆಲೆಯನ್ನೇ ಕಟ್ಟಿಲ್ಲ. ೨೦೧೯ರ ರಾಷ್ಟ್ರೀಯ ಸಮಯ ಬಳಕ ಸಮೀಕ್ಷೆಯ ಪ್ರಕಾರ ಭಾರತದ ಮಹಿಳೆಯರು ಸಂಬಳವಿಲ್ಲದ ಮನೆಗೆಲಸದಲ್ಲಿ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನು ಕಳೆದರೆ, ಪುರುಷರು ಕಳೆಯುವುದು ೯೭ ನಿಮಿಷಗಳನ್ನು. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಬೇಕಾದ ಪ್ರಶ್ನೆ ಬಂದಾಗ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಜನವರಿಯ ತೀರ್ಪಿನಲ್ಲಿ ಇದೇ ಅಂಕಿಗಳನ್ನು ಎತ್ತಿ ಹೇಳಿತು. ಸ್ವಂತ ಮನೆಯಲ್ಲಿ ಕುಟ್ಟಿದರೆ ಸೊನ್ನೆ, ಪರರ ಮನೆಯಲ್ಲಿ ಕುಟ್ಟಿದರೆ ಸೊನ್ನೆಗಿಂತ ಸ್ವಲ್ಪ ಹೆಚ್ಚು ಎಂಬ ಲೆಕ್ಕಾಚಾರ ಇಲ್ಲಿಂದ ಹುಟ್ಟುತ್ತದೆ. ಸೋಮಮ್ಮನ ಕೊಟ್ಟಣವನ್ನೂ ಲಕ್ಕಮ್ಮನ ಅಡುಗೆಯನ್ನೂ ಒಂದೇ ಹೆಸರಿನಿಂದ ಕರೆದ ಶರಣರು, ಹೊಸ್ತಿಲ ಒಳಗಿನ ಮತ್ತು ಹೊರಗಿನ ಈ ಎರಡು ದುಡಿಮೆಗಳ ಗೌರವವು ಒಂದೇ ಬೇರಿನಿಂದ ಬರಬೇಕೆಂಬುದನ್ನು ಕಂಡಿದ್ದರೆನಿಸುತ್ತದೆ.

೭. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಮಾತುಗಳು ಸ್ಪಷ್ಟವಾಗುತ್ತವೆ. ಒಂದನೆಯದು, ವಚನಸಾಹಿತ್ಯದಲ್ಲಿ ಮನೆಗೆಲಸವು ಕೇವಲ ರೂಪಕವಾಗಿ ಉಳಿಯದೆ, ಅದನ್ನು ಮಾಡಿದವರ ಬಾಯಿಂದಲೇ ಬಂದ ಅನುಭವವಾಗಿದೆ. ಎರಡನೆಯದು, ಆ ಅನುಭವವು ಕೆಲಸದ ಕುಶಲತೆ, ನಿರಾಕರಣೆಯ ಸ್ವಾತಂತ್ರ್ಯ, ತಾನಾಗಿ ತೊಟ್ಟ ಭಾಷೆ ಎಂಬ ಮೂರು ಮೌಲ್ಯಗಳನ್ನು ಎತ್ತಿಹಿಡಿಯುತ್ತದೆ. ಮೂರನೆಯದು, ಶರಣೆಯರ ಆಣೆಗಳು ಸಮಾನರ ನಡುವೆ ಇಟ್ಟ ಆಣೆಗಳು. ಅಸಮಾನರ ನಡುವೆ ಅವನ್ನು ಒಂದೇ ಕಡೆಯವರ ಮೇಲೆ ಹೊರಿಸುವುದು ಅವುಗಳ ಅರ್ಥವನ್ನು ಕೆಡಿಸಿದಂತೆ.

ಸಾಹಿತ್ಯದ ವಿದ್ಯಾರ್ಥಿಗಳು ಈ ಪುಟ್ಟ ವಚನಗಳನ್ನು ಅಕ್ಕನ, ಅಲ್ಲಮನ ಎತ್ತರದ ಪಕ್ಕದಲ್ಲಿಟ್ಟು ಕಿರಿದೆನ್ನುವ ಮೊದಲು, ಒಂದೇ ಒಂದು ಮಾತನ್ನು ಉಳಿಸಿಹೋಗಲು ಒನಕೆ ಹಿಡಿದವಳಿಗೆ ಎಷ್ಟು ಬಿಡುವು ದೊರೆತಿದ್ದೀತೆಂಬುದನ್ನು ಎಣಿಸಬೇಕು. ಭಕ್ತರಾದವರಿಗೆ ಹೇಳುವ ಮಾತು ಇನ್ನೂ ಸರಳ. ದಾಸೋಹದ ಪಂಕ್ತಿಯಲ್ಲಿ ಕುಳಿತವರು ಎಲೆಯನ್ನು ನೋಡುತ್ತಾರೆ. ಪಂಕ್ತಿ ಎದ್ದ ಮೇಲೆ ಆ ನೆಲವನ್ನು ಬಳಿದು, ಹಂಡೆ ಕೊಪ್ಪರಿಗೆಗಳನ್ನು ತಿಕ್ಕಿ ಮಗುಚಿಡುವವರು ಮನೆಯಲ್ಲಾಗಲಿ ಮಠದಲ್ಲಾಗಲಿ ಬೇರೆಯೇ ಇರುತ್ತಾರೆ. ಅವರಿಗೆ ಸಲ್ಲಬೇಕಾದ ಕೂಲಿ, ವಿಶ್ರಾಂತಿ, ಬಹುವಚನದ ಮಾತು ಇವು ಹೊತ್ತಿಗೆ ಸರಿಯಾಗಿ ಸಲ್ಲುತ್ತಿವೆಯೇ ಎಂದು ನೋಡಿಕೊಳ್ಳುವುದು ಶರಣೆಯರ ಜಯಂತಿಯನ್ನು ಆಚರಿಸುವುದಕ್ಕಿಂತ ಮೊದಲಿನ ಕರ್ತವ್ಯ. ಹದ ತಪ್ಪಿದರೆ ಅಕ್ಕಿ ನುಚ್ಚಾಗುವುದನ್ನು ಸೋಮಮ್ಮ ಬಲ್ಲಳು. ಕೊಡುವ ಕೈಯ ಹದ ತಪ್ಪಿದಾಗ ಒಡೆಯುವುದು ಕಾಳಲ್ಲ, ಕುಟ್ಟಿದವಳ ಬದುಕು.